ಗಾಲ್ಫ್ ಪ್ರಿಯರಿಗೆ ಯಾವ ಉಡುಗೊರೆ ಸೂಕ್ತ?

ಗಾಲ್ಫ್ ಆಡುವವರಿಗೆ ಉಡುಗೊರೆ ಆರಿಸುವುದು ಇನ್ನೊಬ್ಬರಿಗೆ ಕನ್ನಡಕ ಕೊಂಡಂತೆ. ಅಳತೆ ತಿಳಿಯದೆ ತಂದದ್ದು ಎಷ್ಟೇ ದುಬಾರಿಯಾಗಿದ್ದರೂ ಬೀರು ಸೇರುತ್ತದೆ. ನಿವೃತ್ತರಾಗುವ ಹಿರಿಯ ಅಧಿಕಾರಿಗೆ ಸಹೋದ್ಯೋಗಿಗಳು ಹಣ ಕೂಡಿಸಿ ತರುವ ಕಾಣಿಕೆಯಾದರೂ ಅಷ್ಟೇ, ಮಕ್ಕಳು ತಂದೆಯ ಹುಟ್ಟುಹಬ್ಬಕ್ಕೆ ತರುವ ವಸ್ತುವಾದರೂ ಅಷ್ಟೇ. ಬೆಂಗಳೂರು ಗಾಲ್ಫ್ ಕ್ಲಬ್ ಸ್ಥಾಪನೆಯಾದದ್ದು 1876ರಲ್ಲಿ. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಬೆಂಗಳೂರಿನ ಅದಿತಿ ಅಶೋಕ್ ನಾಲ್ಕನೇ ಸ್ಥಾನ ಪಡೆದಾಗ, ಗಾಲ್ಫ್ ಅರಿಯದವರೂ ಈ ಆಟದತ್ತ ಕಣ್ಣು ಹಾಯಿಸಿದರು. ಆದರೂ ಅದರ ಸಲಕರಣೆಗಳು ಹೊರಗಿನವರಿಗೆ ಇಂದಿಗೂ ಒಗಟೇ ಸರಿ.

ಕ್ಲಬ್ ಕೊಳ್ಳುವ ಮುನ್ನ: ಚೆಂಡು ಹೊಡೆಯುವ ಕೋಲನ್ನೂ ‘ಕ್ಲಬ್’ ಎಂದೇ ಕರೆಯುತ್ತಾರೆ. ಅದರ ಉದ್ದ, ದಂಡದ ಬಾಗುವಿಕೆ, ತಲೆಯ ಕೋನ, ಹಿಡಿಕೆಯ ದಪ್ಪ ಇವೆಲ್ಲವೂ ಆಟಗಾರನ ಎತ್ತರ ಮತ್ತು ಬೀಸುವ ವೇಗಕ್ಕೆ ಹೊಂದಿಕೊಳ್ಳಬೇಕು. ಜೊತೆಗೆ ಒಂದು ಸುತ್ತಿನಲ್ಲಿ 14ಕ್ಕಿಂತ ಹೆಚ್ಚು ಕ್ಲಬ್‌ಗಳನ್ನು ಒಯ್ಯಲು ನಿಯಮ ಒಪ್ಪುವುದಿಲ್ಲ. ಚೀಲ ಈಗಾಗಲೇ ತುಂಬಿದ್ದರೆ ನಿಮ್ಮ ಕಾಣಿಕೆಗಾಗಿ ಪಳಗಿದ ಕ್ಲಬ್ ಒಂದನ್ನು ಮನೆಯಲ್ಲಿ ಬಿಡಬೇಕಾಗುತ್ತದೆ. ಕ್ಲಬ್ ಅನ್ನೇ ಕೊಡಬೇಕೆಂದಿದ್ದರೆ ಆಟಗಾರನನ್ನು ಅಂಗಡಿಗೆ ಕರೆದೊಯ್ದು ಅಳತೆ ಮಾಡಿಸುವುದು ಲೇಸು. ಮಕ್ಕಳಿಗಾಗಿ ದೊಡ್ಡವರ ಕ್ಲಬ್ ಕತ್ತರಿಸಿ ಕೊಡಬಾರದು. ಅದು ಭಾರವೂ ಬಿರುಸೂ ಆಗಿ ಕಲಿಕೆಯನ್ನೇ ಕೆಡಿಸುತ್ತದೆ.

ಚೆಂಡು: ಎಷ್ಟಿದ್ದರೂ ಸಾಲದ ವಸ್ತುವೆಂದರೆ ಚೆಂಡು. ಪೊದೆ, ಕೆರೆಗಳ ಪಾಲಾಗುವ ಚೆಂಡುಗಳಿಗೆ ಲೆಕ್ಕವಿಲ್ಲ. ನಿಯಮದಂತೆ ಚೆಂಡಿನ ತೂಕ 45.93 ಗ್ರಾಂ ಮೀರಬಾರದು, ವ್ಯಾಸ 42.67 ಮಿಲಿಮೀಟರ್‌ಗಿಂತ ಕಡಿಮೆಯಿರಬಾರದು. ಆದ್ದರಿಂದ ಅಗ್ಗದ ಆಟಿಕೆ ಚೆಂಡು ಬೇಡ. ಹೊಸಬರಿಗೆ ಗಟ್ಟಿ ಹೊದಿಕೆಯ ಎರಡು ಪದರದ ಚೆಂಡು ಸಾಕು. ಪಳಗಿದವರು ಮೆದು ಯುರೇಥೇನ್ ಹೊದಿಕೆಯ ಚೆಂಡನ್ನು ಮೆಚ್ಚುತ್ತಾರೆ. ಅವರು ಬಳಸುವ ತಯಾರಿಕೆಯನ್ನೇ ಒಂದು ಡಜನ್ ಕೊಂಡು, ಹೆಸರಿನ ಮೊದಲಕ್ಷರ ಮುದ್ರಿಸಿ ಕೊಡಬಹುದು. ತನ್ನ ಚೆಂಡಿಗೆ ಗುರುತು ಹಾಕಿಕೊಳ್ಳಬೇಕೆಂದು ನಿಯಮವೇ ಹೇಳುವುದರಿಂದ ಇದು ಬರಿಯ ಅಲಂಕಾರವಲ್ಲ.

ಕೈಗವಸು: ಬಲಗೈ ಆಟಗಾರರು ಸಾಮಾನ್ಯವಾಗಿ ಎಡಗೈಗೆ ಮಾತ್ರ ಕೈಗವಸು ಧರಿಸುತ್ತಾರೆ. ಎಡಗೈ ಆಟಗಾರರಿಗೆ ಬಲಗೈಯದು ಬೇಕು. ತೆಳು ಚರ್ಮದ ಕೈಗವಸು ಬೆವರಿಗೆ ಬೇಗ ಹಾಳಾಗುವುದರಿಂದ ಎರಡು ಮೂರು ಒಟ್ಟಿಗೆ ಕೊಟ್ಟರೆ ಸಂತೋಷವೇ. ಹಳೆಯ ಕೈಗವಸಿನ ಮೇಲೆ ಅಳತೆ ಬರೆದಿರುತ್ತದೆ, ನೋಡಿಕೊಳ್ಳಿ.

ದೂರಮಾಪಕ: ಹೆಚ್ಚು ಖರ್ಚು ಮಾಡಬಲ್ಲವರಿಗೆ ಲೇಸರ್ ದೂರಮಾಪಕ ಒಳ್ಳೆಯ ಆಯ್ಕೆ. 2019ರಲ್ಲಿ ಜಾರಿಗೆ ಬಂದ ನಿಯಮಗಳ ಪ್ರಕಾರ, ಸ್ಥಳೀಯ ನಿಷೇಧವಿಲ್ಲದಿದ್ದರೆ ದೂರ ಅಳೆಯುವ ಸಾಧನ ಬಳಸಬಹುದು. ಆದರೆ ನೆಲದ ಏರಿಳಿತ ಅಳೆಯುವ ಸೌಲಭ್ಯವನ್ನು ಬಳಸುವಂತಿಲ್ಲ. ಹೀಗಾಗಿ ಆ ಸೌಲಭ್ಯವನ್ನು ಬಂದ್ ಮಾಡಲು ಬರುವ ಸಾಧನವನ್ನೇ ಆರಿಸಿ.

ಉಡುಪು: ಬಹುತೇಕ ಕ್ಲಬ್‌ಗಳಲ್ಲಿ ಪುರುಷರಿಗೆ ಕಾಲರ್ ಇರುವ ಅಂಗಿ ಕಡ್ಡಾಯ. ದುಂಡು ಕತ್ತಿನ ಟಿ-ಶರ್ಟ್ ಎಷ್ಟೇ ಚೆಂದವಿದ್ದರೂ ಮೈದಾನಕ್ಕೆ ಪ್ರಯೋಜನವಿಲ್ಲ. ನಮ್ಮ ಮಳೆಗಾಲಕ್ಕೆ ಎರಡು ಪದರದ ದೊಡ್ಡ ಗಾಲ್ಫ್ ಛತ್ರಿ ಹೇಳಿ ಮಾಡಿಸಿದಂತಿದೆ. ಬೂಟನ್ನು ಮಾತ್ರ ತೊಟ್ಟು ನೋಡದೆ ಕೊಳ್ಳಬಾರದು.

ಕಲಿಕೆ ಮತ್ತು ಓದು: ಆಗತಾನೇ ಆಟಕ್ಕಿಳಿದವರಿಗೆ ತರಬೇತುದಾರರ ಬಳಿ ನಾಲ್ಕಾರು ಪಾಠಗಳ ಶುಲ್ಕ ಕಟ್ಟಿಕೊಡುವುದು ಯಾವ ವಸ್ತುವಿಗಿಂತಲೂ ಮೇಲು. ಮಂಡಿನೋವಿನಿಂದ ಮೈದಾನ ಬಿಟ್ಟ ಹಿರಿಯರನ್ನೂ ಮರೆಯಬಾರದು. ಆಟ ನಿಂತರೂ ಅದರ ಮೇಲಿನ ಪ್ರೀತಿ ನಿಲ್ಲುವುದಿಲ್ಲ. ಬೆನ್ ಹೋಗನ್ ಅವರ 1957ರ ‘ಫೈವ್ ಲೆಸನ್ಸ್’ ಅಥವಾ ಪಿ.ಜಿ. ವೋಡ್‌ಹೌಸ್ ಅವರ ನಗೆಗತೆಗಳ ಸಂಕಲನ ‘ದಿ ಕ್ಲಿಕಿಂಗ್ ಆಫ್ ಕತ್‌ಬರ್ಟ್’ ಅವರ ಸಂಜೆಗಳಿಗೆ ಜೊತೆಯಾದೀತು.

ಕೊಳ್ಳುವ ಮುನ್ನ ಅವರ ಜೊತೆಗಾರರನ್ನೋ ಚೀಲ ಹೊರುವ ಕ್ಯಾಡಿಯನ್ನೋ ವಿಚಾರಿಸಿ. ಚೀಲದಲ್ಲಿ ಏನಿದೆ, ಏನಿಲ್ಲ ಎಂಬುದು ಅವರಿಗೆ ಚೆನ್ನಾಗಿ ಗೊತ್ತು. ಬದಲಾಯಿಸಿಕೊಳ್ಳಲು ಅನುಕೂಲವಾಗುವಂತೆ ರಸೀದಿಯನ್ನು ಜೋಪಾನವಾಗಿಡಿ.