ಹಿಮ್ಮಡಿ ತಿರುಗಿಸುವ ವಿದ್ಯೆ

ಹೇರೋಹಳ್ಳಿ ಕೆರೆಯ ಬದಿಯಲ್ಲಿ ಒಂದು ಭಾನುವಾರ ಬೆಳಿಗ್ಗೆ ನಾನು ನಿಂತ ಸೈಕಲ್ಲಿನಿಂದ ಬಿದ್ದೆ. ಓಡುತ್ತಿದ್ದ ಸೈಕಲ್ಲಿನಿಂದ ಬಿದ್ದಿದ್ದರೆ ಹೇಳಿಕೊಳ್ಳಲಾದರೂ ಚೆನ್ನಾಗಿತ್ತು! ತಂಗಿಯ ಮಗಳ ಮೌಂಟನ್ ಬೈಕ್ ಅದು. ಬೂಟಿನ ಅಡಿಯಲ್ಲಿರುವ ಲೋಹದ ತುಂಡು ಪೆಡಲ್ಲಿಗೆ ಕಚ್ಚಿಕೊಳ್ಳುತ್ತದೆ. ನಿಲ್ಲುವ ಮೊದಲೇ ಹಿಮ್ಮಡಿಯನ್ನು ಹೊರಕ್ಕೆ ತಿರುಗಿಸಿ ಕಾಲು ಬಿಡಿಸಿಕೊಳ್ಳಬೇಕು. ನಾನು ನಿಂತ ಮೇಲೆ ಕಾಲನ್ನು ಮೇಲಕ್ಕೆ ಎಳೆದೆ. ಬರಲಿಲ್ಲ. ಮೀಸೆ ಇಲ್ಲದ್ದರಿಂದ ಮೊಣಕೈಗೇ ಮಣ್ಣಾಯಿತು.

ಈ ಪೆಡಲ್ಲಿನ ಹೆಸರು 'ಕ್ಲಿಪ್‌ಲೆಸ್', ಅಂದರೆ ಕ್ಲಿಪ್ ಇಲ್ಲದ್ದು. ಕಾಲನ್ನು ಇಷ್ಟು ಬಿಗಿಯಾಗಿ ಹಿಡಿಯುವುದಕ್ಕೆ ಇದೆಂಥ ಹೆಸರು? ಇತಿಹಾಸ ಹೇಳಿಕೊಡುವವಳು ಕೆದಕದೆ ಬಿಡುತ್ತೇನೆಯೇ! ಹಿಂದೆ ಪಂದ್ಯದ ಸವಾರರು ಪೆಡಲ್ಲಿನ ಮುಂದಿನ ಗೂಡಿಗೆ ಪಾದ ತೂರಿಸಿ, ಪಟ್ಟಿಯಿಂದ ಬಿಗಿಯುತ್ತಿದ್ದರು. ಆ ಗೂಡೇ ಕ್ಲಿಪ್. ಬಿಗಿದ ಪಟ್ಟಿಯನ್ನು ಬಗ್ಗಿ ಕೈಯಿಂದಲೇ ಸಡಿಲಿಸಬೇಕಿತ್ತು. ಫ್ರಾನ್ಸಿನ ಲುಕ್ ಕಂಪನಿ, ಹಿಮದ ಮೇಲೆ ಜಾರುವವರ ಬೂಟನ್ನು ಸ್ಕೀ ಹಲಗೆಗೆ ಹಿಡಿದಿಡುವ ಸಾಧನ ಮಾಡುತ್ತಿತ್ತು. ಜಾರುವವರು ಬಿದ್ದರೆ ಕಾಲು ಮುರಿಯದಂತೆ ಅದು ತಾನಾಗಿ ಬಿಟ್ಟುಕೊಳ್ಳಬೇಕು. ಆ ಉಪಾಯವನ್ನೇ 1984ರಲ್ಲಿ ಪೆಡಲ್ಲಿಗೆ ತಂದರು. ಮರುವರ್ಷ ಬರ್ನಾರ್ ಇನೋ ಅದನ್ನು ತುಳಿದು ಟೂರ್ ಡಿ ಫ್ರಾನ್ಸ್ ಗೆದ್ದ. ಆದರೆ ಆ ಬೂಟಿನಲ್ಲಿ ನಡೆಯುವುದು ಕಷ್ಟ. ಕಲ್ಲುಮಣ್ಣಿನ ಹಾದಿಯಲ್ಲಿ ಇಳಿದು ತಳ್ಳಲೇಬೇಕಲ್ಲ? 1990ರಲ್ಲಿ ಜಪಾನಿನ ಶಿಮಾನೊ ಕಂಪನಿ ಲೋಹದ ತುಂಡನ್ನು ಚಿಕ್ಕದು ಮಾಡಿ ಅಟ್ಟೆಯೊಳಗೆ ಹುದುಗಿಸಿತು. ಮೌಂಟನ್ ಬೈಕಿಗೆ ಒಗ್ಗಿದ್ದು ಅದು. ಕಾಲು ಕಟ್ಟುವ ವಿದ್ಯೆ ಹಳೆಯದು. ಬೇಕೆಂದಾಗ ಬಿಡಿಸಿಕೊಳ್ಳುವ ವಿದ್ಯೆಗೇ ಇಷ್ಟು ಕಾಲ ಹಿಡಿಯಿತು.

ನನಗೂ ಹಿಡಿಯಿತೆನ್ನಿ. ತವರಿನಲ್ಲಿ ಸೈಕಲ್ ಅಂದರೆ ಅಣ್ಣನದು. ಹೆಣ್ಣುಮಕ್ಕಳು ಅದನ್ನು ಒರೆಸಬಹುದಿತ್ತು, ಹತ್ತುವಂತಿರಲಿಲ್ಲ. ಸರ್ಕಾರ 2006-07ರಲ್ಲಿ ಎಂಟನೇ ತರಗತಿಯ ಹುಡುಗಿಯರಿಗೆ ಸೈಕಲ್ ಕೊಟ್ಟಾಗ ಶಾಲೆಯಲ್ಲಿ ಹಂಚಿದವಳು ನಾನೇ. "ಮಿಸ್, ನಿಮಗೆ ಬರುತ್ತಾ?" ಎಂದು ಒಬ್ಬಳು ಕೇಳಿದಳು. ನಕ್ಕು ರಿಜಿಸ್ಟರ್ ತಿರುವಿದೆ. ಆ ಪ್ರಶ್ನೆ ಮಾತ್ರ ಮನಸ್ಸಿನಿಂದ ಹೋಗಲಿಲ್ಲ. ಅಮೆರಿಕದ ಫ್ರಾನ್ಸಿಸ್ ವಿಲ್ಲಾರ್ಡ್ 53ನೇ ವಯಸ್ಸಿನಲ್ಲಿ ಸೈಕಲ್ ಕಲಿತು, 1895ರಲ್ಲಿ ಆ ಬಗ್ಗೆ ಪುಸ್ತಕವನ್ನೇ ಬರೆದರೆಂದು ಓದಿದ ಮೇಲೆ ಧೈರ್ಯ ಬಂತು. ನಾನೂ ಐವತ್ತು ದಾಟಿ ಕಲಿತೆ.

ಅಂದು ಬಿದ್ದ ಮೇಲೆ ಹುಡುಗಿ ಸಣ್ಣ ಕೀಲಿಯಿಂದ ಪೆಡಲ್ಲಿನ ಸ್ಪ್ರಿಂಗ್ ಸಡಿಲಿಸಿಕೊಟ್ಟಳು. ಗೇಟು ಹಿಡಿದು ನಿಂತು ಕಾಲು ಸಿಕ್ಕಿಸುವುದು, ಬಿಡಿಸುವುದು, ಮತ್ತೆ ಸಿಕ್ಕಿಸುವುದು. ಒಂದು ವಾರ ಇದೇ ಪಾಠ. ಎದುರುಮನೆಯವರು, "ಈ ವಯಸ್ಸಿನಲ್ಲಿ ಇದೆಲ್ಲ ಯಾಕೆ ಟೀಚರ್?" ಎಂದರು. ಉತ್ತರ ಹೊಳೆಯಲಿಲ್ಲ. ಹಿಮ್ಮಡಿ ಮಾತ್ರ ಈಗ ತಿರುವು ಬರುವ ಮೊದಲೇ ತಾನಾಗಿ ಹೊರಕ್ಕೆ ತಿರುಗುತ್ತದೆ.