ಆಟದ ಕಣದಲ್ಲಿ ಬ್ಯಾಂಡಿನ ಸದ್ದು

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ತಯಾರಿಗೆಂದು ಹಳೆಯ ವಿದ್ಯಾರ್ಥಿಗಳು ಮಾಡಿಕೊಂಡ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಊಟದ ಖರ್ಚಿಗಿಂತ ಹೆಚ್ಚು ವಾದ ನಡೆದದ್ದು ಒಂದು ಸಣ್ಣ ಸಂಗತಿಯ ಮೇಲೆ. ಉತ್ಸವದ ದಿನ ಹಳೆಯ ಮತ್ತು ಈಗಿನ ವಿದ್ಯಾರ್ಥಿಗಳ ನಡುವೆ ಕಬಡ್ಡಿ ಪಂದ್ಯ ಇದೆ. ಆಟ ಮುಗಿಯುವ ತನಕ ಶಾಲೆಯ ಬ್ಯಾಂಡ್ ಸೆಟ್ ಮತ್ತು ಊರಿನ ಹಲಗೆ ಮೇಳ ಎರಡೂ ಬಾರಿಸುತ್ತಲೇ ಇರಬೇಕು ಎಂದು ಕೆಲವರ ಒತ್ತಾಯ. ಬಾರಿಸಿದರೆ ಆಟವೇ ಕೆಡುತ್ತದೆ ಎಂದು ಉಳಿದವರ ತಕರಾರು. ನಾನು ಮೂರು ವರ್ಷ ಇದೇ ಶಾಲೆಯ ಬ್ಯಾಂಡಿನಲ್ಲಿ ಸೈಡ್ ಡ್ರಮ್ ಬಾರಿಸಿದವನು. ಹಾಗಾಗಿ ಗುಂಪಿನಲ್ಲಿ ಒಂದು ಸಾಲಿನ ಉತ್ತರ ಹಾಕುವ ಬದಲು ಈ ಸಂಚಿಕೆಯಲ್ಲಿ ಸ್ವಲ್ಪ ವಿಸ್ತಾರವಾಗಿಯೇ ಬರೆಯೋಣ ಎನಿಸಿತು.

ಮೊದಲಿಗೆ, ಈ ಬ್ಯಾಂಡು ನಮ್ಮ ಶಾಲೆಗಳಿಗೆ ಬಂದದ್ದು ಆಟಕ್ಕಾಗಿ ಅಲ್ಲ, ಕವಾಯತಿಗಾಗಿ. ಅದರ ಬೇರು ಸೈನ್ಯದಲ್ಲಿದೆ. ದೊಡ್ಡ ಡ್ರಮ್ಮಿನ ಪೆಟ್ಟಿಗೆ ಎಡಗಾಲು ಬೀಳಬೇಕು, ನೂರು ಜನ ಒಂದೇ ಹೆಜ್ಜೆಯಲ್ಲಿ ನಡೆಯಬೇಕು. ಬ್ಯೂಗಲ್ ಊದಿದರೆ ಅದೊಂದು ಹುಕುಂ. ಧಾರವಾಡದಲ್ಲಿ ಹುಟ್ಟಿದ ಡಾ. ನಾ. ಸು. ಹರ್ಡೀಕರರು 1923ರಲ್ಲಿ ಹಿಂದೂಸ್ತಾನಿ ಸೇವಾದಳ ಕಟ್ಟಿ, ಸ್ವಾತಂತ್ರ್ಯ ಹೋರಾಟದ ಸ್ವಯಂಸೇವಕರಿಗೆ ಈ ಕವಾಯತಿನ ಶಿಸ್ತನ್ನು ಕಲಿಸಿದರು. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಅದರ ಫಲ ಎಲ್ಲರ ಕಣ್ಣಿಗೆ ಬಿತ್ತು. ಮುಂದೆ ಭಾರತ ಸೇವಾದಳ, 1948ರ ನಂತರ ಎನ್.ಸಿ.ಸಿ., 1950ರ ನಂತರ ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್, ಹೀಗೆ ಶಾಲೆಯ ಮೈದಾನಕ್ಕೆ ಕವಾಯತು ಬಂದಿತು. ನಮ್ಮ ರಾಯಚೂರು ಜಿಲ್ಲೆ 1948ರ ಸೆಪ್ಟೆಂಬರ್ 17ರವರೆಗೆ ನಿಜಾಮರ ಆಳ್ವಿಕೆಯಲ್ಲಿತ್ತು, ಮೈಸೂರು ರಾಜ್ಯಕ್ಕೆ ಸೇರಿದ್ದು 1956ರ ನವೆಂಬರ್ 1ರಂದು. ಆದ್ದರಿಂದ ನಮ್ಮ ಬ್ಯಾಂಡಿಗೆ ಬೇರೆ ಕಡೆಯ ಬ್ಯಾಂಡುಗಳಿಗಿಂತ ಒಂದು ದಿನದ ಕೆಲಸ ಜಾಸ್ತಿ: ಆಗಸ್ಟ್ 15 ಮತ್ತು ಜನವರಿ 26ರ ಜೊತೆಗೆ ಸೆಪ್ಟೆಂಬರ್ 17ರ ವಿಮೋಚನಾ ದಿನಕ್ಕೂ ಬೆಳ್ಳನೆಯ ಅಂಗಿ ಇಸ್ತ್ರಿ ಮಾಡಿಸಬೇಕಿತ್ತು.

ನಗಾರಿಯ ಸದ್ದು ಈ ಮಣ್ಣಿಗೆ ಹೊಸದೇನೂ ಅಲ್ಲ. 1520ರ ಮೇ ತಿಂಗಳಲ್ಲಿ ರಾಯಚೂರು ಕೋಟೆಗಾಗಿ ಕೃಷ್ಣದೇವರಾಯನಿಗೂ ಬಿಜಾಪುರದ ಇಸ್ಮಾಯಿಲ್ ಆದಿಲ್ ಶಾಹನಿಗೂ ನಡೆದ ಯುದ್ಧವನ್ನು ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್ ವಿವರವಾಗಿ ಬರೆದಿಟ್ಟಿದ್ದಾನೆ. ಶನಿವಾರ ನಸುಕಿನಲ್ಲಿ ರಾಯನ ದಂಡಿನಲ್ಲಿ ನಗಾರಿ, ಕಹಳೆಗಳು ಒಮ್ಮೆಲೇ ಮೊಳಗಿದ್ದನ್ನು, ಅದಕ್ಕೆ ಸೈನಿಕರ ಕೂಗು, ಕುದುರೆ ಆನೆಗಳ ಗದ್ದಲ ಸೇರಿದ್ದನ್ನು ಹೇಳುವಾಗ ಆತನಿಗೂ ಮಾತು ಸಾಲದೆ ಹೋಗುತ್ತದೆ. ನಾನು ಗಮನಿಸಿದ್ದು ಆ ಸದ್ದು ಬರುವ ಹೊತ್ತನ್ನು. ಅದು ಮೊಳಗುವುದು ದಂಡು ಮುನ್ನುಗ್ಗುವ ಮೊದಲು. ಎದೆ ಗಟ್ಟಿ ಮಾಡಲು, ಎದುರಿನವರ ಎದೆ ನಡುಗಿಸಲು. ಬ್ಯಾಂಡು ಬೇಕು ಎನ್ನುವ ನಮ್ಮ ಗೆಳೆಯರು ಕೇಳುತ್ತಿರುವುದೂ ಇದನ್ನೇ ಎಂದು ನನಗೆ ಅನ್ನಿಸುತ್ತದೆ.

ಆದರೆ ಆಟ ನಡೆಯುವಾಗಲೇ ಬಾರಿಸುವ ಪದ್ಧತಿಯೂ ನಮ್ಮಲ್ಲಿ ಉಂಟು. ಅದು ಕುಸ್ತಿ. ನನ್ನ ತಾಯಿಯ ತವರು ಮಾನ್ವಿ ಕಡೆ. ಅಲ್ಲಿನ ಜಾತ್ರೆಯ ಕುಸ್ತಿ ಕಣದಲ್ಲಿ ಹಲಗೆ ಇಲ್ಲದಿದ್ದರೆ ಪೈಲ್ವಾನರು ಕಣಕ್ಕೆ ಇಳಿಯಲೂ ಮನಸ್ಸು ಮಾಡುತ್ತಿರಲಿಲ್ಲ. ಹಲಗೆಯವರು ಮೊದಲು ಸಣ್ಣ ಬೆಂಕಿ ಹಾಕಿ ಚರ್ಮ ಕಾಯಿಸಿ ಬಿಗಿ ಮಾಡಿಕೊಳ್ಳುವರು. ಪೈಲ್ವಾನರು ಕೈ ಮಿಲಾಯಿಸುವಾಗ ಪೆಟ್ಟು ನಿಧಾನ. ಒಬ್ಬ ಪಟ್ಟು ಹಾಕಿದನೆಂದರೆ ಚುರುಕು. ಕೆಳಗೆ ಬಿದ್ದವನು ಮಿಸುಕಾಡುವಾಗ ಕೋಲು ಕಾಣದಷ್ಟು ವೇಗ. ಹಿಂದೆ ಕೂತು ಕಣ ಕಾಣದ ಮುದುಕರು ಬರೀ ಹಲಗೆ ಕೇಳಿಯೇ "ಈಗ ಚಿತ್ ಆದ ನೋಡು" ಅನ್ನುತ್ತಿದ್ದರು. ಹಲಗೆಯವನು ಆಟಕ್ಕೆ ಅಡ್ಡ ಬರುತ್ತಿರಲಿಲ್ಲ, ಆಟವನ್ನು ಓದಿ ಹೇಳುತ್ತಿದ್ದ. ರಾಯಚೂರಿನಲ್ಲಿ ಮುನ್ನೂರು ಕಾಪು ಸಮಾಜದವರು ಕಾರಹುಣ್ಣಿಮೆಗೆ ನಡೆಸುವ ಮುಂಗಾರು ಹಬ್ಬದಲ್ಲಿ ಎತ್ತುಗಳು ಭಾರದ ಕಲ್ಲು ಎಳೆಯುವಾಗಲೂ ಗದ್ದಲಕ್ಕೆ ಮಿತಿ ಇರುವುದಿಲ್ಲ, ಸ್ಪರ್ಧೆಗೆ ಅದರಿಂದ ತೊಂದರೆಯೂ ಇಲ್ಲ. ಕಲ್ಲು ಎಷ್ಟು ದೂರ ಹೋಯಿತು ಎಂದು ಅಳೆಯುವುದು ಹಗ್ಗವೇ ಹೊರತು ಕಿವಿಯಲ್ಲ.

ಇಲ್ಲಿ ಇನ್ನೊಂದು ಮಾತು ಹೇಳಲೇಬೇಕು. "ಹಲಗೆಯವರನ್ನ ಕರಸ್ರಿ" ಎಂದು ಗುಂಪಿನಲ್ಲಿ ಸಲೀಸಾಗಿ ಬರೆದವರಲ್ಲಿ ಹಲಗೆ ಬಾರಿಸುವ ಮನೆಯವರು ಒಬ್ಬರೂ ಇರಲಿಲ್ಲ. ನಮ್ಮ ಭಾಗದಲ್ಲಿ ಹಲಗೆ ಎಂಬುದು ಮಾದಿಗ ಸಮುದಾಯದ ಮೇಲೆ ಊರು ಹೊರಿಸಿದ್ದ ಬಿಟ್ಟಿ ಚಾಕರಿ. ಸಾವಿಗೆ, ಜಾತ್ರೆಗೆ, ಡಂಗುರಕ್ಕೆ ಕರೆದಾಗ ಬರಬೇಕು, ಬಾರಿಸಬೇಕು, ಆಮೇಲೆ ದೂರ ನಿಲ್ಲಬೇಕು. 1970ರ ದಶಕದಲ್ಲಿ ಬಿ. ಕೃಷ್ಣಪ್ಪನವರು ಮುಂದಾಗಿ ಕಟ್ಟಿದ ದಲಿತ ಸಂಘರ್ಷ ಸಮಿತಿಯ ಕಾಲದಿಂದ ಅದೇ ವಾದ್ಯ ಹೋರಾಟದ ಮೆರವಣಿಗೆಗಳಲ್ಲಿ ಮೊಳಗಿತು. ಇನ್ನೊಂದು ಕಡೆ ಎಷ್ಟೋ ಊರುಗಳಲ್ಲಿ ಹುಡುಗರು ಚಾಕರಿಯ ಹಲಗೆ ಮುಟ್ಟುವುದಿಲ್ಲ ಎಂದು ಖಡಾಖಂಡಿತವಾಗಿ ಹೇಳಿದರು. ನನ್ನ ಜೊತೆ ಬ್ಯಾಂಡಿನಲ್ಲಿ ದೊಡ್ಡ ಡ್ರಮ್ ಹೊರುತ್ತಿದ್ದ ಗೆಳೆಯ ಅಂಥ ಮನೆಯವನು. ತಾಳ ಅವನಿಗೆ ಹುಟ್ಟಿನಿಂದಲೇ ಬಂದಿದೆ ಎಂದು ನಾವು ಹೊಗಳಿದರೆ ಅವನಿಗೆ ಸಿಟ್ಟು ಬರುತ್ತಿತ್ತು. "ದಿನಾ ಸಂಜಿಕ ಪ್ರಾಕ್ಟೀಸ್ ಮಾಡೀನಿ, ಅದಕ್ಕ ಬರ್ತದ" ಎನ್ನುತ್ತಿದ್ದ. ಬಿಳಿ ಸಮವಸ್ತ್ರ ಹಾಕಿಕೊಂಡು, ತಹಶೀಲ್ದಾರರ ಮುಂದೆ, ಎಲ್ಲ ಜಾತಿಯ ಹುಡುಗರನ್ನೂ ತನ್ನ ಪೆಟ್ಟಿಗೆ ಹೆಜ್ಜೆ ಹಾಕಿಸುವ ಕೆಲಸ ಅವನದಾಗಿತ್ತು. ಸರ್ಕಾರಿ ಶಾಲೆಯ ಬ್ಯಾಂಡು ಮಾಡಿದ ದೊಡ್ಡ ಕೆಲಸ ಇದೇ ಎಂದು ನಾನು ತಿಳಿದಿದ್ದೇನೆ.

ಈಗ ಕಬಡ್ಡಿಗೆ ಬರೋಣ. ಹುತುತು, ಚಡುಗುಡು ಎಂದೆಲ್ಲ ಕರೆಸಿಕೊಂಡ ಈ ಆಟದ ಜೀವ ಇರುವುದೇ ಉಸಿರಿನಲ್ಲಿ. ದಾಳಿಗೆ ಹೋದವನು ಒಂದೇ ಉಸಿರಿನಲ್ಲಿ "ಕಬಡ್ಡಿ ಕಬಡ್ಡಿ" ಎನ್ನುತ್ತಲೇ ಇರಬೇಕು, ಅದು ಅಂಪೈರನಿಗೆ ಸ್ಪಷ್ಟವಾಗಿ ಕೇಳಬೇಕು, ಎದುರಾಳಿ ಅಂಕಣದಲ್ಲಿ ಸೊಲ್ಲು ಕಡಿದರೆ ಔಟ್. 1936ರಲ್ಲಿ ಅಮರಾವತಿಯ ಹನುಮಾನ್ ವ್ಯಾಯಾಮ ಪ್ರಸಾರಕ ಮಂಡಳಿಯವರು ಬರ್ಲಿನ್ ಒಲಿಂಪಿಕ್ಸ್ ಸಂದರ್ಭದಲ್ಲಿ ಪ್ರದರ್ಶಿಸಿದಾಗಲೂ, 1990ರಲ್ಲಿ ಬೀಜಿಂಗ್ ಏಷ್ಯನ್ ಕ್ರೀಡಾಕೂಟಕ್ಕೆ ಸೇರಿದಾಗಲೂ, 2014ರಲ್ಲಿ ಪ್ರೊ ಕಬಡ್ಡಿ ಬಂದು ದಾಳಿಗೆ 30 ಸೆಕೆಂಡಿನ ಗಡಿಯಾರ ಕಟ್ಟಿದ ಮೇಲೂ ಈ ಸೊಲ್ಲು ಉಳಿದಿದೆ. ಖೋಖೋ ಆಟದ್ದೂ ಇದೇ ಕಥೆ. ಹಿಂದಿನಿಂದ ಮುಟ್ಟಿ "ಖೋ" ಎಂದು ಗಟ್ಟಿಯಾಗಿ ಹೇಳದೆ ಕೂತವನು ಏಳುವಂತಿಲ್ಲ. ಅಂದರೆ ಈ ಎರಡು ಆಟಗಳಲ್ಲಿ ತೀರ್ಪು ಅರ್ಧ ಕಣ್ಣಿನದು, ಅರ್ಧ ಕಿವಿಯದು. ಕುಸ್ತಿಯಲ್ಲಿ ಹಾಗಲ್ಲ, ಬೆನ್ನು ಮಣ್ಣಿಗೆ ಹತ್ತಿದ್ದು ಎಲ್ಲರಿಗೂ ಕಾಣುತ್ತದೆ.

ನಾನು ಹತ್ತನೇ ತರಗತಿಯಲ್ಲಿದ್ದಾಗ ನಮ್ಮ ತಂಡ ದೇವದುರ್ಗ ತಾಲೂಕಿನಲ್ಲಿ ಗೆದ್ದು ಜಿಲ್ಲಾ ಮಟ್ಟಕ್ಕೆ ರಾಯಚೂರಿಗೆ ಹೋಗಿತ್ತು. ಎದುರಾಳಿ ಶಾಲೆಯವರು ತಮ್ಮ ಬ್ಯಾಂಡ್ ಸೆಟ್ ತಂದಿದ್ದರು, ಶಾಲೆಯ ಹೆಸರು ಬೇಡ. ಕೊನೆಯ ಎರಡು ನಿಮಿಷ, ನಾವು ಒಂದು ಅಂಕ ಹಿಂದೆ. ನಮ್ಮ ನಾಯಕ ದಾಳಿಗೆ ಹೋಗಿ ಇಬ್ಬರನ್ನು ಮುಟ್ಟಿ ಗೆರೆಯ ಕಡೆ ಹೊರಳುವಾಗ ಡ್ರಮ್ಮು ಜೋರಾಯಿತು. ಅಂಪೈರ್ ಸೀಟಿ ಊದಿ ಸೊಲ್ಲು ಕಡಿದಿದೆ ಎಂದರು. ನಾಯಕ ಗಂಟಲ ನರ ಉಬ್ಬಿಸಿ ಇನ್ನೂ "ಕಬಡ್ಡಿ" ಅನ್ನುತ್ತಲೇ ಇದ್ದ. ನಮ್ಮ ಪಿ.ಟಿ. ಸರ್ ಓಡಿಹೋಗಿ "ಸರ್ರ, ಈ ಗದ್ದಲದಾಗ ನಿಮಗ ಏನ್ ಕೇಳಿಸ್ತರಿ?" ಎಂದು ಕೇಳಿದರು. ತೀರ್ಪು ಬದಲಾಗಲಿಲ್ಲ. ವಿಭಾಗ ಮಟ್ಟಕ್ಕೆ ಕಲಬುರಗಿಗೆ ಹೋಗುವ ನಮ್ಮವರ ಆಸೆ ಅಲ್ಲಿಗೆ ಮುಗಿಯಿತು. ಅವನ ಸೊಲ್ಲು ನಿಜವಾಗಿ ಕಡಿದಿತ್ತೋ ಇಲ್ಲವೋ ಎಂಬುದು ಮೈದಾನದಲ್ಲಿದ್ದ ಯಾರೊಬ್ಬರಿಗೂ ಗೊತ್ತಿರಲು ಸಾಧ್ಯವಿರಲಿಲ್ಲ. ಬೇಸರ ಅದಕ್ಕೇ.

ಕೆಲಸಕ್ಕೆ ಸೇರಿದ ಮೇಲೆ ಅಮೆರಿಕದ ಸಹೋದ್ಯೋಗಿಗಳಿಂದ ತಿಳಿಯಿತು, ಅಲ್ಲಿನ ಹೈಸ್ಕೂಲುಗಳಲ್ಲೂ ಇದೇ ಜಗಳ. ಅವರ ಫುಟ್‌ಬಾಲ್ ಬೇರೆ, ಚೆಂಡನ್ನು ಕೈಯಲ್ಲಿ ಹಿಡಿದು ಓಡುವಂಥದ್ದು. ಕೆಲವೇ ಸೆಕೆಂಡು ಆಟ, ಮತ್ತೆ ನಿಲುಗಡೆ. ಆ ನಿಲುಗಡೆಗಳಲ್ಲಿ ಬ್ಯಾಂಡಿಗೆ ಜಾಗ ಸಿಕ್ಕಿ ಅದು ದೊಡ್ಡ ಸಂಪ್ರದಾಯವಾಗಿ ಬೆಳೆಯಿತು. ಆದರೆ ಆಟಗಾರರು ಸಾಲುಗಟ್ಟಿ ನಿಂತು ಕೂಗಿ ಹೇಳುವ ಸಂಕೇತ ತಮ್ಮವರಿಗೆ ಕೇಳದಂತೆ ಬ್ಯಾಂಡು ಸದ್ದು ಮಾಡಬಾರದು ಎಂದು ಅಲ್ಲಿನ ಕಾಲೇಜು ಫುಟ್‌ಬಾಲಿನ ನಿಯಮ ಪುಸ್ತಕವೇ ಹೇಳುತ್ತದೆ. ಬ್ಯಾಂಡು ಹದ ಮೀರಿದ್ದಕ್ಕೆ ಅಲ್ಲೊಂದು ಪ್ರಸಿದ್ಧ ಉದಾಹರಣೆಯೂ ಇದೆ. 1982ರ ನವೆಂಬರ್ 20ರಂದು ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಬ್ಯಾಂಡು ತಮ್ಮವರು ಗೆದ್ದರೆಂದು ತಿಳಿದು, ಆಟ ಇನ್ನೂ ನಡೆಯುತ್ತಿರುವಾಗಲೇ ಮೈದಾನಕ್ಕೆ ನುಗ್ಗಿತು. ಎದುರಾಳಿ ಕ್ಯಾಲ್ ತಂಡದ ಕೆವಿನ್ ಮೋಯೆನ್ ಚೆಂಡು ಹಿಡಿದು ಆ ಬ್ಯಾಂಡಿನವರ ನಡುವೆಯೇ ಓಡಿ ಅಂಕ ಗಳಿಸಿ, ಕೊನೆಗೆ ಒಬ್ಬ ಟ್ರಾಂಬೋನ್ ವಾದಕನನ್ನು ಕೆಡವಿದ. ಕ್ಯಾಲ್ 25–20ರಿಂದ ಗೆದ್ದಿತು.

ನಮಗೆ ಪರಿಚಿತವಾದ ಫುಟ್‌ಬಾಲಿನಲ್ಲಿ 2010ರ ದಕ್ಷಿಣ ಆಫ್ರಿಕಾ ವಿಶ್ವಕಪ್ಪಿನ ವುವುಜೆಲಾ ಪೀಪಿ ಎಲ್ಲರಿಗೂ ನೆನಪಿರಬಹುದು. ಫಿಫಾ ಅದನ್ನು ಅಲ್ಲಿನವರ ಸಂಸ್ಕೃತಿ ಎಂದು ಬಿಟ್ಟಿತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಯುರೋಪಿನ ಫುಟ್‌ಬಾಲ್ ಸಂಸ್ಥೆ ತನ್ನ ಪಂದ್ಯಗಳಲ್ಲಿ ನಿಷೇಧಿಸಿತು. ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಬೆಂಗಳೂರು ಎಫ್‌ಸಿ ಆಡುವಾಗ ಪಶ್ಚಿಮದ ಸ್ಟ್ಯಾಂಡಿನ ಅಭಿಮಾನಿಗಳು ಡ್ರಮ್ ಬಾರಿಸುತ್ತಾರೆ. ನಾನೂ ಹೋಗಿ ಕುಣಿದಿದ್ದೇನೆ. ಅಲ್ಲಿ ಸೀಟಿ ಒಂದು ಕೇಳಿದರೆ ಸಾಕು, ಉಳಿದದ್ದೆಲ್ಲ ಕಣ್ಣಿನ ಕೆಲಸ. ನಮ್ಮ ತಾಲೂಕುಗಳಲ್ಲಿ ಆಡುವುದು ಹೆಚ್ಚಾಗಿ ಕಬಡ್ಡಿ, ಖೋಖೋ, ವಾಲಿಬಾಲ್. ಕಂಠೀರವದ ನ್ಯಾಯ ದೇವದುರ್ಗದ ಕಬಡ್ಡಿ ಅಂಕಣಕ್ಕೆ ನಡೆಯುವುದಿಲ್ಲ.

ಕಾನೂನನ್ನೂ ತೆಗೆದು ನೋಡಿದೆ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳು ಶಾಲೆಯ ಸುತ್ತ ನೂರು ಮೀಟರ್ ಪ್ರದೇಶವನ್ನು ನಿಶ್ಶಬ್ದ ವಲಯವೆಂದು ಘೋಷಿಸಬಹುದು ಎನ್ನುತ್ತವೆ. ಅಲ್ಲಿ ಡೋಲು ಬಾರಿಸುವುದು, ಕಹಳೆ ಊದುವುದು ಹೆಸರು ಹಿಡಿದು ಹೇಳಿದ ತಪ್ಪುಗಳು. ಅಕ್ಷರಕ್ಕೆ ಅಕ್ಷರ ಹಿಡಿದರೆ ಐವತ್ತು ವರ್ಷದ ನಮ್ಮ ಬ್ಯಾಂಡನ್ನೇ ಕಟಕಟೆಗೆ ತರಬೇಕಾದೀತು! ಅದನ್ನು ಯಾರೂ ಅಷ್ಟು ಬಿಗಿಯಾಗಿ ಹಿಡಿಯುವುದಿಲ್ಲ, ಹಿಡಿಯುವುದೂ ಬೇಡ.

ಕಾರ್ಯಕ್ರಮ ಸಮಿತಿಗೆ ನಾನು ಕಳಿಸಿರುವ ಸಲಹೆ ಇಷ್ಟು. ತಂಡಗಳು ಅಂಕಣಕ್ಕೆ ಬರುವಾಗ ಶಾಲೆಯ ಬ್ಯಾಂಡು ಮುಂದೆ ನಡೆಯಲಿ. 20 ನಿಮಿಷದ ಎರಡು ಅವಧಿಗಳ ನಡುವಿನ 5 ನಿಮಿಷ ಪೂರ್ತಿ ಅವರದು. ದಾಳಿಗಾರ ಗೆರೆ ದಾಟಿದ ಕ್ಷಣದಿಂದ ಮರಳುವವರೆಗೆ ಎಲ್ಲ ಕೋಲುಗಳೂ ಕೆಳಗೆ. ಸಂಜೆ ಕುಸ್ತಿ ಪ್ರದರ್ಶನ ಇದೆಯಲ್ಲ, ಅಲ್ಲಿ ಹಲಗೆ ಮೇಳ ಮನಸೋ ಇಚ್ಛೆ ಬಾರಿಸಲಿ. ಅವರನ್ನು ಕರೆಯುವುದಾದರೆ ಬೇರೆ ಕಲಾವಿದರಿಗೆ ಕೊಡುವ ಗೌರವಧನವನ್ನೇ ಕೊಡಬೇಕು, ಆಮಂತ್ರಣ ಪತ್ರಿಕೆಯಲ್ಲಿ ಅವರ ಹೆಸರು ಅಚ್ಚಾಗಬೇಕು, ಊಟಕ್ಕೆ ಎಲ್ಲರ ಸಾಲಿನಲ್ಲೇ ಎಲೆ ಹಾಕಬೇಕು. ಬರಲು ಒಪ್ಪದಿದ್ದರೆ ಯಾರೂ ಒತ್ತಾಯ ಮಾಡಕೂಡದು. ದೊಡ್ಡ ಡ್ರಮ್ಮಿನ ನನ್ನ ಗೆಳೆಯ ಈಗ ಒಂದು ಪ್ರೌಢಶಾಲೆಯಲ್ಲಿ ಗಣಿತ ಶಿಕ್ಷಕ. ಈ ಸಲಹೆಯನ್ನು ಮೊದಲು ಅವನಿಗೇ ಕಳಿಸಿದ್ದೆ. ಗೌರವಧನದ ಸಾಲಿನ ಕೆಳಗೆ ಗೆರೆ ಎಳೆದು, ಆ ದಿನ ತಾನು ಡ್ರಮ್ ಹೊರುವುದಿಲ್ಲ, ಅಂಪೈರ್ ಆಗುತ್ತೇನೆ ಎಂದು ಉತ್ತರ ಬರೆದಿದ್ದಾನೆ.