ನಕ್ಷೆಯ ಕಡತದಿಂದ ನಮ್ಮ ಊರುಗಳ ಕನ್ನಡ ಹೆಸರು ಹೆಕ್ಕುವ ಬಗೆ

ರಾಯದುರ್ಗ, ಮಡಕಶಿರಾ ಸುತ್ತಲಿನ ಯಾವ ಊರುಗಳಿಗೆ ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಕನ್ನಡ ಹೆಸರಿಲ್ಲ ಎಂದು ಪಟ್ಟಿ ಮಾಡಲು ಹೊರಟವರಿಗಾಗಿ ಈ ಟಿಪ್ಪಣಿ. ಯಾರು ಬೇಕಾದರೂ ತಿದ್ದಬಹುದಾದ ಈ ನಕ್ಷೆಯಲ್ಲಿ ಒಂದೇ ಊರಿಗೆ ತೆಲುಗು, ಕನ್ನಡ, ಇಂಗ್ಲಿಷ್ ಹೆಸರುಗಳನ್ನು ಬೇರೆಬೇರೆಯಾಗಿ ಬರೆದಿಡಬಹುದು. ಕನ್ನಡದ್ದನ್ನು ನಾವು ಬರೆಯದಿದ್ದರೆ ಬೇರೆ ಯಾರು ಬರೆದಾರು?

ಇಳಿಸಿಕೊಂಡ ಎಕ್ಸ್‌ಎಂಎಲ್ ಕಡತದಲ್ಲಿ ಹೆಸರಿನ ಸಾಲು ಹೀಗಿರುತ್ತದೆ (ಮೂಲದಲ್ಲಿ ಟ್ಯಾಗ್, ಕೆ, ವಿ, ನೇಮ್ ಎಲ್ಲವೂ ರೋಮನ್ ಲಿಪಿಯಲ್ಲಿವೆ):

<ಟ್ಯಾಗ್ ಕೆ="ನೇಮ್:ಕೆಎನ್" ವಿ="ರಾಯದುರ್ಗ"/>

ಕೆಎನ್ ಕನ್ನಡದ ಗುರುತು, ಟಿಇ ತೆಲುಗಿನದು. ಕೆ, ವಿ ಎಂಬ ಆಟ್ರಿಬ್ಯೂಟ್‌ಗಳನ್ನು ಹೆಕ್ಕಲು ಈ ರೆಗ್ಯುಲರ್ ಎಕ್ಸ್‌ಪ್ರೆಶನ್ ಸಾಕು:

([^ =]+)="([^"]*)"

ಖಾಲಿ ಜಾಗ, ಸಮ ಚಿಹ್ನೆ ಬಿಟ್ಟು ಉಳಿದದ್ದು ಮೊದಲ ಆವರಣಕ್ಕೆ. ಉದ್ಧರಣ ಚಿಹ್ನೆಗಳ ನಡುವಿನದು ಎರಡನೆಯದಕ್ಕೆ. [^"]* ಬದಲು .* ಹಾಕಿದರೆ ಸಾಲಿನ ಕೊನೆಯ ಉದ್ಧರಣದವರೆಗೂ ಎಲ್ಲವನ್ನೂ ನುಂಗುತ್ತದೆ. ಜೆಓಎಸ್‌ಎಂ ತಂತ್ರಾಂಶದಲ್ಲಿ ಉಳಿಸಿದ ಕಡತವಾದರೆ ಒಂಟಿ ಉದ್ಧರಣ ಇರುತ್ತದೆ. ಆಗ ಸೂತ್ರದಲ್ಲೂ ಅದನ್ನೇ ಹಾಕಿ. ಇಲ್ಲದಿದ್ದರೆ ಒಂದು ಹೆಸರೂ ಸಿಗದು, ದೋಷದ ಸೂಚನೆಯೂ ಬಾರದು.

ನಾವು ಎಡವಿದ್ದು ಇನ್ನೊಂದು ಕಡೆ. ಪೈಥಾನ್‌ನ ಮಾಮೂಲಿ ಮಾಡ್ಯೂಲ್‌ನಲ್ಲಿ ಪದದ ಅಕ್ಷರಗಳಿಗೆಂದು ಇರುವ ‘ಡಬ್ಲ್ಯೂ’ ಸಂಕೇತ ಕನ್ನಡದ ಗುಣಿತ ಚಿಹ್ನೆ, ಒತ್ತಕ್ಷರಗಳ ಕೊಂಡಿಯನ್ನು ಅಕ್ಷರವೆಂದು ಎಣಿಸುವುದಿಲ್ಲ. ಹಾಗಾಗಿ ಮಡಕಶಿರಾ ‘ಮಡಕಶ’ ಆಯಿತು, ರಾಯದುರ್ಗ ಬರೀ ‘ರ’ ಆಯಿತು! ಮೇಲಿನ ಸೂತ್ರಕ್ಕೆ ಈ ತೊಂದರೆಯಿಲ್ಲ. ಕನ್ನಡದ ಜಾಗದಲ್ಲಿ ಯಾರಾದರೂ ತೆಲುಗು ಲಿಪಿ ತುಂಬಿದ್ದಾರೆಯೇ ಎಂದು ನೋಡಲು [ಅ-ಹ] ಎಂದು ಹುಡುಕಿ. ಕನ್ನಡ ಅಕ್ಷರವಿದ್ದರೆ ಮಾತ್ರ ಸಿಗುತ್ತದೆ. ಯೂನಿಕೋಡ್‌ನಲ್ಲಿ ತೆಲುಗಿನ 128 ಸ್ಥಾನಗಳು ಮುಗಿದ ಕೂಡಲೇ ಕನ್ನಡದ 128 ಶುರು. ಅಲ್ಲಿಯೂ ನಾವು ಗಡಿಯವರೇ.

ಆದರೆ ಮುಖ್ಯ ಸಂಗತಿ ಬೇರೆ ಇದೆ. ಕನ್ನಡ ಹೆಸರಿಲ್ಲದ ಊರಿಗೆ ಆ ಸಾಲೇ ಇರುವುದಿಲ್ಲ, ಇಲ್ಲದ ಸಾಲನ್ನು ಈ ಸೂತ್ರ ಹಿಡಿಯಲಾರದು. ನಮ್ಮ ಮೊದಲ ಪಟ್ಟಿಯಲ್ಲಿ ಹೆಸರಿದ್ದ ಊರುಗಳಷ್ಟೇ ಬಂದು, ಕೆಲಸ ಆಗಬೇಕಾದವು ಕಾಣಲೇ ಇಲ್ಲ. ಯಾವ ಸಾಲು ಯಾವ ಊರಿನ ನೋಡ್ ಒಳಗಿದೆ ಎಂದು ತಿಳಿಯಲು ಪೈಥಾನ್‌ನ ಎಲಿಮೆಂಟ್‌ಟ್ರೀಯಂಥ ಪಾರ್ಸರ್ ಬೇಕು. ಪ್ರತಿ ನೋಡ್ ತೆರೆದು, ಊರಾಗಿದ್ದೂ ನೇಮ್:ಕೆಎನ್ ಇಲ್ಲದ್ದನ್ನು ಬರೆದುಕೊಳ್ಳಿ.

ಕಡತ ಇಳಿಸುವಾಗ ಒಂದು ಎಚ್ಚರಿಕೆ: 2022ರ ಏಪ್ರಿಲ್ 4ರಿಂದ ಮಡಕಶಿರಾ ಶ್ರೀ ಸತ್ಯಸಾಯಿ ಜಿಲ್ಲೆಯಲ್ಲಿದೆ. ಅನಂತಪುರ ಜಿಲ್ಲೆಯನ್ನಷ್ಟೇ ಆರಿಸಿದರೆ ರಾಯದುರ್ಗ ಬರುತ್ತದೆ, ಮಡಕಶಿರಾ ಬಿಟ್ಟುಹೋಗುತ್ತದೆ.